ರಷ್ಯಾದ ಮಿಶ್ಕಿನ್: 1777ರಲ್ಲಿ ಪಟ್ಟಣ, 1991ರಲ್ಲಿ ಮತ್ತೆ ಪಟ್ಟಣ. ಇದು ಹೇಗೆ?

ಕೋಟೆಬೀದಿ (ಶ್ರೀರಂಗಪಟ್ಟಣ):

ಎಲ್ಲರಿಗೂ ನಮಸ್ಕಾರ. ಕನ್ನಡ ವಿಕಿಪೀಡಿಯಕ್ಕೆ ಮಿಶ್ಕಿನ್ ಅನ್ನೋ ರಷ್ಯಾದ ಸಣ್ಣ ಊರಿನ ಲೇಖನ ಸಿದ್ಧವಾಗ್ತಿದೆ. ವೋಲ್ಗಾ ನದಿಯ ಎಡದಂಡೆ, ಯಾರೊಸ್ಲಾವ್ಲ್ ಸೀಮೆ, ಜನಸಂಖ್ಯೆ 6 ಸಾವಿರದ ಒಳಗೆ. ಊರಿನ ಲಾಂಛನದಲ್ಲಿ ಇಲಿ ಇದೆ. ದಂಡೆಯ ಮೇಲೆ ಮಲಗಿದ್ದ ರಾಜಕುಮಾರನ ಮುಖದ ಮೇಲೆ ಇಲಿ ಹರಿದು ಎಬ್ಬಿಸಿತಂತೆ, ಅದರಿಂದ ಅವನು ಹಾವಿನ ಬಾಯಿಂದ ಪಾರಾದನಂತೆ. ಆ ಕತೆ ಬರೆಯೋದು ಸುಲಭ. ಆಡಳಿತದ ಭಾಗಕ್ಕೆ ಬಂದಾಗ ಮಾತ್ರ ಒಂದಕ್ಕೊಂದು ತಾಳೆ ಆಗ್ತಿಲ್ಲ.

ಒಂದು ಕಡೆ "1777ರಿಂದ ಪಟ್ಟಣ" ಅಂತಿದೆ, ಇನ್ನೊಂದು ಕಡೆ "1991ರಿಂದ ಪಟ್ಟಣ". ಒಂದು ಕಡೆ "ಮಿಶ್ಕಿನ್ ಡಿಸ್ಟ್ರಿಕ್ಟಿನ ಕೇಂದ್ರ", ಇನ್ನೊಂದು ಕಡೆ "ಮಿಶ್ಕಿನ್ ನಗರ ವಸತಿ" ಅನ್ನೋ ಬೇರೆಯೇ ಹೆಸರು. ಎರಡೂ ಒಂದೇನಾ? ಹಳೇ ಕಾಲದ ಉಯೆಜ್ದ್, ಈಗಿನ ರಯೋನ್ ಅನ್ನೋ ಆಡಳಿತ ವಿಭಾಗಗಳಿಗೆ ಜಿಲ್ಲೆ ಅನ್ನಬೇಕೋ ತಾಲ್ಲೂಕು ಅನ್ನಬೇಕೋ? ಸೀಮೆಯ ಕೋಡ್ ಅಂತ ಒಂದು ಪಟ್ಟಿಯಲ್ಲಿ 76, ಇನ್ನೊಂದರಲ್ಲಿ 78 ಇದೆ. ಇದರಲ್ಲಿ ಯಾವುದು ತಪ್ಪು? ತಿಳಿದವರು ಬಿಡಿಸಿ ಹೇಳಿ.


ಹಳೇದಫ್ತರ (ಮೈಸೂರು):

ಯಾವುದೂ ತಪ್ಪಲ್ಲ ಕಣ್ರೀ. ರಷ್ಯಾದ ಊರುಗಳ ಬಗ್ಗೆ ಬರೆಯುವಾಗ ಮೂರು ಬೇರೆ ಬೇರೆ ವಿಷಯಗಳನ್ನ ಒಂದೇ ಮೂಟೆಗೆ ಕಟ್ಟಿಬಿಡ್ತೀವಿ. ಗೋಜಲಾಗೋದು ಅದರಿಂದಲೇ.

ಒಂದು, ಜನವಸತಿಯ ದರ್ಜೆ: ಅದು ಗೊರೊದ್ ಅಂದ್ರೆ ಪಟ್ಟಣವೋ, ಸೆಲೊ ಅಂದ್ರೆ ಹಳ್ಳಿಯೋ, ಇಲ್ಲಾ ಎರಡರ ನಡುವಿನ ನಗರಮಾದರಿ ವಸತಿಯೋ ಅನ್ನೋದು. ಎರಡು, ಆಡಳಿತ ವಿಭಾಗ: ಊರು ಯಾವ ರಯೋನಿಗೆ, ಯಾವ ಒಬ್ಲಾಸ್ತಿಗೆ ಅಂದ್ರೆ ಪ್ರಾಂತ್ಯಕ್ಕೆ ಸೇರಿದೆ ಅನ್ನೋದು. ಮೂರು, ಸ್ಥಳೀಯ ಸಂಸ್ಥೆ: ಚುನಾವಣೆ ನಡೆದು ಕೌನ್ಸಿಲ್ ಕೂತು ಬಜೆಟ್ ಮಾಡೋ ಘಟಕ. ನಮ್ಮಲ್ಲೂ ಶ್ರೀರಂಗಪಟ್ಟಣ ಅಂದ್ರೆ ಊರೂ ಹೌದು, ತಾಲ್ಲೂಕೂ ಹೌದು, ಪುರಸಭೆಯೂ ಹೌದು, ಮೂರರ ಗಡಿಯೂ ಬೇರೆ. ಕಚೇರಿಗೆ ಅರ್ಜಿ ಹಿಡಿದು ಹೋದಾಗ ನಮಗೆ ಗೊಂದಲ ಆಗಲ್ಲ. ದೂರದ ದೇಶದ ಊರಾದಾಗ ಆಗುತ್ತೆ, ಅಷ್ಟೆ.

ಈಗ ಇಸವಿಗಳು. 1775ರಲ್ಲಿ ರಷ್ಯಾದ ಸಾಮ್ರಾಜ್ಞಿ ಎರಡನೇ ಕ್ಯಾಥರೀನ್ ಗುಬೇರ್ನಿಯ ಅನ್ನೋ ಪ್ರಾಂತ್ಯಗಳ ಹೊಸ ವ್ಯವಸ್ಥೆ ತಂದಳು. ಒಂದು ಗುಬೇರ್ನಿಯಕ್ಕೆ 3ರಿಂದ 4 ಲಕ್ಷ ಗಂಡಸರ ಲೆಕ್ಕ, ಅದರೊಳಗಿನ ಉಯೆಜ್ದಿಗೆ 20ರಿಂದ 30 ಸಾವಿರ. ಆವತ್ತು ಎಣಿಸ್ತಿದ್ದದ್ದು ತಲೆಗಂದಾಯ ಕೊಡೋ ಗಂಡಸರನ್ನ ಮಾತ್ರ. ಈ ಲೆಕ್ಕದಲ್ಲಿ ದೇಶವನ್ನ ಕತ್ತರಿಸ್ತಾ ಹೋದಾಗ ಬಹಳ ಕಡೆ ಉಯೆಜ್ದ್ ಸಿಕ್ಕಿತು, ಅದರ ನಡುವೆ ಪಟ್ಟಣವೇ ಇರಲಿಲ್ಲ. ಕೋರ್ಟು, ಖಜಾನೆ, ಸೆರೆಮನೆ ಎಲ್ಲಿಡೋದು? ಅದಕ್ಕೆ ಅನುಕೂಲವಾದ ಹಳ್ಳಿಯನ್ನ ಆರಿಸಿ ಪಟ್ಟಣ ಅಂತ ಘೋಷಿಸಿಬಿಟ್ಟರು. ಯಾರೊಸ್ಲಾವ್ಲ್ ಸೀಮೆಯಲ್ಲಿ 1777ರಲ್ಲಿ ಹಾಗೆ ಒಟ್ಟಿಗೆ ಬಡ್ತಿ ಪಡೆದವು ಮಿಶ್ಕಿನ್, ರಿಬಿನ್ಸ್ಕ್, ಮೊಲೊಗ, ಪೊಶೆಖೊನ್ಯೆ, ದನೀಲೊವ್. ಲಾಂಛನ ಬಂದದ್ದು ಮರುವರ್ಷ, 1778ರಲ್ಲಿ. ಮೇಲಿನ ಭಾಗದಲ್ಲಿ ಯಾರೊಸ್ಲಾವ್ಲಿನ ಕೊಡಲಿ ಹಿಡಿದ ಕರಡಿ, ಕೆಳಗಿನ ಭಾಗದಲ್ಲಿ ಇಲಿ. ಮೇಲೆ ಗುಬೇರ್ನಿಯದ ಗುರುತು, ಕೆಳಗೆ ಊರಿನದು, ಇದು ಆ ಕಾಲದ ಪದ್ಧತಿ. ಹೀಗಾಗಿ "ವ್ಯಾಪಾರ ಬೆಳೆದು ಪಟ್ಟಣವಾಯಿತು" ಅಂತ ಬರೀಬೇಡಿ. ಕಚೇರಿ ಬಂತು, ಆದ್ದರಿಂದ ಪಟ್ಟಣವಾಯಿತು.

ಕ್ರಾಂತಿಯಾದ ಮೇಲೆ, 1920ರ ದಶಕದಲ್ಲಿ, ಕೈಗಾರಿಕೆ ಇಲ್ಲದ, ಜನ ಕಡಿಮೆ ಇರೋ ಉಯೆಜ್ದ್ ಪಟ್ಟಣಗಳ ದರ್ಜೆ ಕಿತ್ತುಕೊಂಡರು. ಮಿಶ್ಕಿನ್ ಆಗ ಹಳ್ಳಿಯಾಯಿತು. ನಡುವೆ ಒಂದಷ್ಟು ಕಾಲ ನಗರಮಾದರಿ ವಸತಿ ಅನ್ನಿಸಿಕೊಂಡಿತ್ತು, ಮತ್ತೆ ಪಟ್ಟಣ ಆಗಿದ್ದು 1991ರಲ್ಲಿ. ಸೋವಿಯತ್ ಕಾಲದ ಕಾಗದಗಳಲ್ಲಿ ಹೆಸರೂ ಬೇರೆ, ಮಿಶ್ಕಿನೊ. ರಷ್ಯನ್ನಿನಲ್ಲಿ ಗೊರೊದ್ ಪುಲ್ಲಿಂಗ, ಸೆಲೊ ನಪುಂಸಕಲಿಂಗ, ಹೆಸರಿನ ಬಾಲವೂ ದರ್ಜೆಯ ಜೊತೆ ಬದಲಾಗಿದೆ. ಮಿಶ್ಕಿನ್ ಅಂತ ಮಾತ್ರ ಹುಡುಕಿದ್ರೆ ನಡುವಿನ ಅರವತ್ತು ಚಿಲ್ಲರೆ ವರ್ಷದ ದಾಖಲೆ ಕೈಗೆ ಸಿಗಲ್ಲ.

ಕೋಡ್ ವಿಷಯ: ರಷ್ಯಾದಲ್ಲಿ ಒಕಾತೊ ಅಂತ ಆಡಳಿತ ವಿಭಾಗಗಳ ಪಟ್ಟಿ ಇದೆ, ಒಕ್ತ್ಮೊ ಅಂತ ಸ್ಥಳೀಯ ಸಂಸ್ಥೆಗಳ ಪಟ್ಟಿ ಇದೆ. ಎರಡರಲ್ಲೂ ಯಾರೊಸ್ಲಾವ್ಲ್ 78ರಿಂದ ಶುರುವಾಗುತ್ತೆ. 76 ಅನ್ನೋದು ಕಾರಿನ ನಂಬರ್ ಪ್ಲೇಟಿನ ಸಂಖ್ಯೆ. ನಂಬರ್ ಪ್ಲೇಟಿನಲ್ಲಿ 78 ಅಂದ್ರೆ ಸೇಂಟ್ ಪೀಟರ್ಸ್‌ಬರ್ಗ್! ಇದನ್ನ ಅಡ್ಡಾದಿಡ್ಡಿ ಮಾಡಿದ್ರೆ ಊರನ್ನೇ ಎತ್ತಿ ಬಾಲ್ಟಿಕ್ ತೀರದಲ್ಲಿ ಕೂರಿಸಿದ ಹಾಗೆ.


ಹೋಬಳಿಮಾತು (ಮದ್ದೂರು):

ಪದಗಳ ಬಗ್ಗೆ ಮಾತ್ರ ಹೇಳ್ತೀನಿ.

ರಯೋನ್ ಅನ್ನೋದನ್ನ ಇಂಗ್ಲಿಷಿನಲ್ಲಿ ಡಿಸ್ಟ್ರಿಕ್ಟ್ ಅಂತಾರೆ, ಅದನ್ನ ನೋಡಿ ನಾವು ಜಿಲ್ಲೆ ಅಂದುಬಿಡ್ತೀವಿ. ಓದೋರ ತಲೆಯಲ್ಲಿ ಆಗ ಡಿಸಿ, ಎಸ್ಪಿ, ಜಿಲ್ಲಾ ಪಂಚಾಯಿತಿ ಎಲ್ಲಾ ಎದ್ದು ನಿಲ್ತಾರೆ. ರಯೋನ್ ತೂಕದಲ್ಲಿ ನಮ್ಮ ತಾಲ್ಲೂಕಿಗೆ ಹತ್ತಿರ. ಹಳೇ ಉಯೆಜ್ದ್ ಕೂಡ ತಾಲ್ಲೂಕೇ, ಆದರೆ ರಯೋನಿಗಿಂತ ದೊಡ್ಡದು, ಒಂದು ಉಯೆಜ್ದನ್ನ ಒಡೆದು ಹಲವು ರಯೋನ್ ಮಾಡಿದ್ದಾರೆ. ಯಾರೊಸ್ಲಾವ್ಲ್ ಗುಬೇರ್ನಿಯದಲ್ಲಿ ಇದ್ದದ್ದು 10 ಉಯೆಜ್ದ್. ಉಯೆಜ್ದಿನ ಕೆಳಗೆ ವೊಲಸ್ತ್ ಅಂತ ಹಳ್ಳಿಗಳ ಗುಂಪು, ಅದಕ್ಕೆ ಹೋಬಳಿ ಅನ್ನೋಕೆ ಅಡ್ಡಿಯಿಲ್ಲ. ವ್ಯತ್ಯಾಸ ಒಂದೇ, ವೊಲಸ್ತಿಗೆ ರೈತರು ಸೇರಿ ಆರಿಸಿದ ಮುಖ್ಯಸ್ಥ ಇರ್ತಿದ್ದ, ರೈತರದ್ದೇ ನ್ಯಾಯಸ್ಥಾನ ಇರ್ತಿತ್ತು. ನಮ್ಮ ಹೋಬಳಿ ಕಂದಾಯದ ಏರ್ಪಾಡು ಅಷ್ಟೆ.

ಗುಬೇರ್ನಿಯಕ್ಕೆ ಸಮನಾದ ಪದ ಹಳೇ ಮೈಸೂರಲ್ಲಿ ಹುಡುಕೋದಾದ್ರೆ ಕಮಿಷನರ್ ಕಾಲದ ಅಷ್ಟಗ್ರಾಮ, ನಗರ, ನಂದಿದುರ್ಗ ಡಿವಿಜನ್‌ಗಳ ಥರ ಅನ್ನಬಹುದು. ಆದರೆ ಲೇಖನದಲ್ಲಿ ಹಾಗೆ ಬರೆದ್ರೆ ಎರಡನ್ನೂ ವಿವರಿಸೋ ಕೆಲಸ ಬೀಳುತ್ತೆ. ನನ್ನ ಸಲಹೆ ಕೇಳೋದಾದ್ರೆ ಗುಬೇರ್ನಿಯ, ಉಯೆಜ್ದ್, ಒಬ್ಲಾಸ್ತ್, ರಯೋನ್ ನಾಲ್ಕನ್ನೂ ಹಾಗೇ ಇಟ್ಟುಕೊಳ್ಳಿ. ಮೊದಲ ಸಲ ಬಂದಾಗ "ನಮ್ಮ ತಾಲ್ಲೂಕಿನಂಥ ವಿಭಾಗ" ಅಂತ ಅರ್ಧ ವಾಕ್ಯ ಸೇರಿಸಿ. ಒಬ್ಲಾಸ್ತಿಗೆ "ರಾಜ್ಯ" ಬೇಡ, "ಪ್ರಾಂತ್ಯ" ಸಾಕು.

ಅಮಲ್ದಾರ ಅನ್ನೋ ಪದ ಹಾಕೋ ಆಸೆ ಬಂದ್ರೆ ತಡೆದುಕೊಳ್ಳಿ. ಉಯೆಜ್ದಿನ ಪೊಲೀಸ್ ಮುಖ್ಯಸ್ಥನಾದ ಕಪಿತಾನ್ ಇಸ್ಪ್ರಾವ್ನಿಕ್‌ನನ್ನ ಕ್ಯಾಥರೀನ್ ಕಾಲದ ವ್ಯವಸ್ಥೆಯಲ್ಲಿ ಅಲ್ಲಿನ ಜಮೀನುದಾರ ಕುಲೀನರು ಆರಿಸ್ತಿದ್ರು. ಅವನ ಅಧಿಕಾರ ಹಳ್ಳಿಗಾಡಿಗೆ. ಪಟ್ಟಣದೊಳಗೆ ಗೊರೊದ್ನಿಚಿ ಅಂತ ಬೇರೆ ಅಧಿಕಾರಿ, ಮೇಲಿಂದ ನೇಮಕವಾದವನು, ಪೊಲೀಸು ಅವನ ಕೈಲಿ. ಈ ಗೊರೊದ್ನಿಚಿ ಹುದ್ದೆ 1862ರಲ್ಲಿ ರದ್ದಾಯಿತು. ಅವನನ್ನ ಮೇಯರ್ ಅಂತ ಅನುವಾದ ಮಾಡಿರೋದು ಬಹಳ ಕಡೆ ಇದೆ. ಊರಿನವರು ಆರಿಸಿದವನಲ್ಲ ಅವನು.


ನಾಲೆಏರಿ (ಪಾಂಡವಪುರ):

ನದಿಯ ಭಾಗದಲ್ಲಿ ಎಡವೋದು ಎಲ್ಲಿ ಅಂದ್ರೆ, "ಮಿಶ್ಕಿನ್ ಯಾವ ಜಲಾಶಯದ ದಂಡೆಯಲ್ಲಿದೆ" ಅನ್ನೋದ್ರಲ್ಲಿ. ವೋಲ್ಗಾ ಹರಿಯೋ ದಿಕ್ಕಿನಲ್ಲಿ ಊರುಗಳ ಸಾಲು: ಕಲ್ಯಾಜಿನ್, ಉಗ್ಲಿಚ್, ಮಿಶ್ಕಿನ್, ರಿಬಿನ್ಸ್ಕ್. ಉಗ್ಲಿಚ್ ಅಣೆಕಟ್ಟು ಮಿಶ್ಕಿನ್‌ಗೆ ಮೇಲ್ಗಡೆ, ರಿಬಿನ್ಸ್ಕ್ ಅಣೆಕಟ್ಟು ಕೆಳಗಡೆ. ಉಗ್ಲಿಚ್ ಬಿಟ್ಟ ನೀರು ರಿಬಿನ್ಸ್ಕ್ ಜಲಾಶಯದ ಹಿನ್ನೀರಿನ ಬಾಲಕ್ಕೆ ಸೇರೋ ಜಾಗದಲ್ಲಿ ಮಿಶ್ಕಿನ್ ಕೂತಿದೆ. ಕನ್ನಂಬಾಡಿ ಕಟ್ಟೆ ಕೆಳಗಿರೋ ಶ್ರೀರಂಗಪಟ್ಟಣದ ಜೊತೆ ಹೋಲಿಸೋಕೆ ಹೊರಟಿದ್ರೆ ಇದನ್ನ ನೆನಪಿಡಿ. ಶ್ರೀರಂಗಪಟ್ಟಣಕ್ಕೆ ಮೇಲಿಂದ ಬಿಟ್ಟ ನೀರಿನ ಚಿಂತೆ ಮಾತ್ರ, ಮಿಶ್ಕಿನ್‌ಗೆ ಮೇಲಿಂದ ಬಿಡೋದು, ಕೆಳಗಿಂದ ನಿಲ್ಲಿಸೋದು ಎರಡೂ ಇದೆ.

ಉಳಿದುಕೊಂಡದ್ದು ಎತ್ತರದ ದಂಡೆಯಿಂದ. ಅದೇ 1777ರಲ್ಲಿ ಜೊತೆಗೇ ಪಟ್ಟಣವಾದ ಮೊಲೊಗ ಉಳಿಯಲಿಲ್ಲ. ರಿಬಿನ್ಸ್ಕ್ ಜಲಾಶಯದ ಮೊದಲ ಯೋಜನೆಯಲ್ಲಿ ನೀರಿನ ಮಟ್ಟ ಸಮುದ್ರಮಟ್ಟದಿಂದ 98 ಮೀಟರ್ ಇತ್ತು. ಮೊಲೊಗ ಇದ್ದದ್ದು 98ರಿಂದ 101ರ ನಡುವೆ. ವಿದ್ಯುತ್ ಹೆಚ್ಚು ಸಿಗಲಿ ಅಂತ ಮಟ್ಟವನ್ನ 102ಕ್ಕೆ ಏರಿಸಿದರು. ನಾಲ್ಕೇ ಮೀಟರ್. ಆ ಭೂಮಿ ತಟ್ಟೆಯಷ್ಟು ಚಪ್ಪಟೆ, ನಾಲ್ಕು ಮೀಟರ್ ಏರಿದ್ರೆ ನೀರು ಮೈಲುಗಟ್ಟಲೆ ಹಬ್ಬುತ್ತೆ. 1941ರ ಏಪ್ರಿಲ್ 13ರಂದು ನೀರು ನಿಲ್ಲಿಸೋಕೆ ಶುರು ಮಾಡಿದ್ರು, ಪೂರ್ತಿ ತುಂಬಿದ್ದು 1947ರಲ್ಲಿ. ವಿಸ್ತಾರ 4,580 ಚದರ ಕಿಲೋಮೀಟರ್. ಮಂಡ್ಯ ಜಿಲ್ಲೆ ಪೂರ್ತಿ ಸೇರಿದರೂ ಐದು ಸಾವಿರ ದಾಟಲ್ಲ ಅಂತ ಲೆಕ್ಕ ಹಾಕಿಕೊಳ್ಳಿ. ಸ್ಥಳಾಂತರವಾದವರು ಸುಮಾರು 1,30,000.

ಅಲ್ಲಿಯ ಮನೆಗಳು ಮರದ ದಿಮ್ಮಿಯವು. ದಿಮ್ಮಿಗಳಿಗೆ ನಂಬರ್ ಹಾಕಿ, ಬಿಚ್ಚಿ, ತೆಪ್ಪ ಕಟ್ಟಿ ನದಿಯಲ್ಲೇ ತೇಲಿಸಿ ರಿಬಿನ್ಸ್ಕ್ ಕಡೆಗೆ ಸಾಗಿಸಿದರು. ಒದ್ದೆ ದಿಮ್ಮಿಯಿಂದ ಮತ್ತೆ ಕಟ್ಟಿದ ಗೋಡೆ ಒಣಗುವಾಗ ಕುಗ್ಗುತ್ತೆ, ಸಂದಿ ಬಿಡುತ್ತೆ. ಚಳಿನಾಡಿನಲ್ಲಿ ಅದು ಸಣ್ಣ ವಿಷಯ ಅಲ್ಲ.

ಉಗ್ಲಿಚ್ ಜಲಾಶಯಕ್ಕೆ ಕಲ್ಯಾಜಿನ್ ಪಟ್ಟಣದ ಹಳೇ ಭಾಗ ಹೋಯಿತು. ಅಲ್ಲಿ 1800ರ ಹೊತ್ತಿನ ಗಂಟೆಗೋಪುರ, 74.5 ಮೀಟರ್ ಎತ್ತರದ್ದು, ಇವತ್ತಿಗೂ ನೀರಿನ ನಡುವೆ ನಿಂತಿದೆ. ಚರ್ಚನ್ನ ಕೆಡವಿದ್ರು, ಗೋಪುರ ಮಾತ್ರ ಬಿಟ್ಟರು. ಕೆಆರ್‌ಎಸ್ ನೀರಿಳಿದಾಗ ಕಾಣ್ತಿದ್ದ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ನೋಡಿದವರಿಗೆ ಇದನ್ನ ಹೆಚ್ಚು ವಿವರಿಸಬೇಕಿಲ್ಲ. ನಮ್ಮ ಗುಡಿಯನ್ನ ಹೊಸ ಕನ್ನಂಬಾಡಿಗೆ ತಂದು ನಿಲ್ಲಿಸಿದ್ದಾರೆ. ಅವರ ಗೋಪುರ ಇದ್ದಲ್ಲೇ ಇದೆ, ಬುಡಕ್ಕೆ ಮಣ್ಣು ಕಲ್ಲು ತುಂಬಿ ಪುಟ್ಟ ದ್ವೀಪ ಮಾಡಿ ಗಟ್ಟಿ ಮಾಡಿದ್ದಾರೆ.

ಒಂದು ಎಚ್ಚರಿಕೆ. ಮಿಶ್ಕಿನ್ ಲೇಖನಕ್ಕೆ ಕಲ್ಯಾಜಿನ್ ಗೋಪುರದ ಫೋಟೋ ಹಾಕಿರೋದು ಬಹಳ ಪ್ರವಾಸಿ ಪುಟಗಳಲ್ಲಿದೆ. ಕಲ್ಯಾಜಿನ್ ಇರೋದು ಯಾರೊಸ್ಲಾವ್ಲಿನಲ್ಲಿ ಅಲ್ಲ, ತ್ವೇರ್ ಪ್ರಾಂತ್ಯದಲ್ಲಿ.


ಕೋಟೆಬೀದಿ (ಶ್ರೀರಂಗಪಟ್ಟಣ):

ಇಷ್ಟು ವಿವರಕ್ಕೆ ಎಲ್ಲರಿಗೂ ಧನ್ಯವಾದ. ಈಗಿನ ಆಡಳಿತದ ಬಗ್ಗೆ ಕರಡು ಹೀಗಿದೆ, ತಿದ್ದಿ ಕೊಡಿ:

"ಮಿಶ್ಕಿನ್ ಯಾರೊಸ್ಲಾವ್ಲ್ ಪ್ರಾಂತ್ಯದ ಮಿಶ್ಕಿನ್ ರಯೋನಿನ ಕೇಂದ್ರ. 12,000ಕ್ಕಿಂತ ಹೆಚ್ಚು ಜನರಿದ್ದರೆ ಮಾತ್ರ ಪಟ್ಟಣವೆಂಬ ನಿಯಮವಿದ್ದರೂ ವಿಶೇಷ ವಿನಾಯಿತಿಯಿಂದ ಪಟ್ಟಣವಾಗಿದೆ. ಊರಿನ ಶಾಲೆ, ಆಸ್ಪತ್ರೆ, ರಸ್ತೆಗಳನ್ನು ಮೇಯರ್ ನೇತೃತ್ವದ ಪುರಸಭೆ ನೋಡಿಕೊಳ್ಳುತ್ತದೆ."

ಇನ್ನೊಂದು ಪ್ರಶ್ನೆ. 1777ರಿಂದ ಕ್ರಾಂತಿಯವರೆಗೆ ಊರಾಳಿದವರು ಯಾರು? ಗೊರೊದ್ನಿಚಿ ಒಬ್ಬನೇನಾ?


ಹಳೇದಫ್ತರ (ಮೈಸೂರು):

ಕರಡಿನ ಮೊದಲ ವಾಕ್ಯ ಸರಿ. ಎರಡನೆಯದನ್ನ ತೆಗೆಯಿರಿ, ಮೂರನೆಯದನ್ನ ಒಡೆಯಿರಿ.

12,000 ಅನ್ನೋದು 1957ರ ಸೋವಿಯತ್ ಆದೇಶದ ಸಂಖ್ಯೆ. ಜೊತೆಗೆ ಜನರಲ್ಲಿ ಶೇಕಡಾ 85 ಮಂದಿ ಕಾರ್ಮಿಕರು, ನೌಕರರು ಮತ್ತು ಅವರ ಮನೆಯವರಾಗಿರಬೇಕು. ನಗರಮಾದರಿ ವಸತಿಗೆ 3,000 ಸಾಕು, 85 ಅದೇ. ಆದರೆ ಇದು ದರ್ಜೆ ಕೊಡುವಾಗ ನೋಡೋ ಅಳತೆ. ಕೊಟ್ಟ ಮೇಲೆ ಜನ ಕಡಿಮೆಯಾದ್ರೆ ತಾನಾಗೇ ಹೋಗಲ್ಲ. ತೂಲಾ ಪ್ರಾಂತ್ಯದ ಓಕಾ ನದಿದಂಡೆಯ ಚೆಕಾಲಿನ್ ನೋಡಿ, 2010ರ ಜನಗಣತಿಯಲ್ಲಿ ಸಾವಿರ ಜನವೂ ಇರಲಿಲ್ಲ, ಆದರೂ ಗೊರೊದ್. ಹಳೇ ಹೆಸರು ಲಿಖ್ವಿನ್, ಹದಿಹರೆಯದಲ್ಲೇ ಜರ್ಮನ್ನರು ಗಲ್ಲಿಗೇರಿಸಿದ ಗೆರಿಲ್ಲಾ ಹುಡುಗನ ಹೆಸರನ್ನ 1944ರಲ್ಲಿ ಇಟ್ಟರು. ನಮ್ಮ 1964ರ ಪುರಸಭೆ ಕಾಯ್ದೆಯ 10 ಸಾವಿರಕ್ಕೆ ಪಟ್ಟಣ ಪಂಚಾಯಿತಿ, 20 ಸಾವಿರಕ್ಕೆ ಪುರಸಭೆ ಅನ್ನೋ ಲೆಕ್ಕ ಸ್ಥಳೀಯ ಸಂಸ್ಥೆಯದ್ದು, ಅವರ 12 ಸಾವಿರ ಜನವಸತಿಯ ದರ್ಜೆಯದ್ದು. ಪಕ್ಕಪಕ್ಕ ಇಟ್ಟು ಹೋಲಿಸೋ ಹಾಗಿಲ್ಲ.

ಪಟ್ಟಣ ಅನ್ನಿಸಿಕೊಳ್ಳೋದು ಎಲ್ಲರಿಗೂ ಬೇಕು ಅಂತಲೂ ತಿಳಿಯಬೇಡಿ. ಅಲ್ಲಿ ಹಳ್ಳಿಯ ಮೇಷ್ಟ್ರು, ವೈದ್ಯರಿಗೆ ಮೂಲ ಸಂಬಳದ ಮೇಲೆ ಶೇಕಡಾ 25 ಹೆಚ್ಚುವರಿ ಕೊಡೋ ಪದ್ಧತಿ ಇದೆ, ಹಳ್ಳಿ ಮನೆಗಳಿಗೆ ಕರೆಂಟಿನ ದರವೂ ಕಡಿಮೆ. ಎಷ್ಟೋ ನಗರಮಾದರಿ ವಸತಿಗಳು ತಾವಾಗೇ ಹಳ್ಳಿಯಾಗಿರೋದು ಈ ಲೆಕ್ಕಾಚಾರದಿಂದ.

ಮೂರನೇ ವಾಕ್ಯ. 2003ರ ಅಕ್ಟೋಬರ್ 6ರ 131ನೇ ಸಂಖ್ಯೆಯ ಒಕ್ಕೂಟ ಕಾನೂನು ಎರಡು ಅಂತಸ್ತು ಮಾಡಿತು. ಕೆಳಗೆ ನಗರ ವಸತಿ ಅಥವಾ ಗ್ರಾಮ ವಸತಿ, ಮೇಲೆ ಮುನಿಸಿಪಲ್ ರಯೋನ್. ನೀವು ಕೇಳಿದ "ಮಿಶ್ಕಿನ್ ನಗರ ವಸತಿ" ಈ ಕೆಳಗಿನ ಅಂತಸ್ತು. ಅದರ ಪಾಲಿಗೆ ಬೀದಿ, ಬೀದಿದೀಪ, ನೀರು, ಶಾಖ ಪೂರೈಕೆ, ಸ್ಮಶಾನ. ಶಾಲೆ, ಶಿಶುವಿಹಾರ ರಯೋನಿನ ಕೆಲಸ. ಆಸ್ಪತ್ರೆ ಪ್ರಾಂತ್ಯದ್ದು, ಪೊಲೀಸ್ ಒಕ್ಕೂಟ ಸರ್ಕಾರದ್ದು. 2014ರ ತಿದ್ದುಪಡಿಯಾದ ಮೇಲೆ ರಯೋನ್ ಕೇಂದ್ರವಾಗಿರೋ ಊರಿನಲ್ಲಿ ಪ್ರತ್ಯೇಕ ಆಡಳಿತ ಕಚೇರಿ ಇಟ್ಟುಕೊಳ್ಳದೆ ರಯೋನ್ ಕಚೇರಿಗೇ ಕೆಲಸ ಒಪ್ಪಿಸೋ ದಾರಿಯೂ ಇದೆ. ಹಾಗಾದಾಗ ಕೌನ್ಸಿಲ್ ಉಳಿಯುತ್ತೆ, ಕಚೇರಿ ಇರಲ್ಲ.

"ಮೇಯರ್" ಬೇಡ, ಅಲ್ಲಿನ ಹುದ್ದೆಯ ಹೆಸರು ಗ್ಲಾವಾ, ಮುಖ್ಯಸ್ಥ. 131ನೇ ಕಾನೂನಿನ ಪ್ರಕಾರ ಅವನನ್ನ ಜನರೇ ನೇರ ಆರಿಸಬಹುದಿತ್ತು, ಕೌನ್ಸಿಲ್ ತನ್ನೊಳಗಿಂದ ಆರಿಸಬಹುದಿತ್ತು, ಇಲ್ಲಾ ಸ್ಪರ್ಧಾ ಸಮಿತಿ ಮುಂದಿಟ್ಟ ಹೆಸರುಗಳಿಂದ ಆರಿಸಬಹುದಿತ್ತು. ಯಾವ ದಾರಿ ಅನ್ನೋದು ಪ್ರಾಂತ್ಯದ ಕಾನೂನು ಮತ್ತು ಊರಿನ ಉಸ್ತಾವ್ ಅನ್ನೋ ನಿಯಮಾವಳಿಯಲ್ಲಿ ಇರುತ್ತೆ, ಮೊದಲು ಅದನ್ನೇ ತೆರೆಯಿರಿ. ಗುತ್ತಿಗೆಯ ಮೇಲೆ ಆಡಳಿತಗಾರನನ್ನ ತರೋ ಪದ್ಧತಿಯೂ ಆ ಕಾನೂನಿನಲ್ಲಿತ್ತು. ಅವನು ನಮ್ಮ ಪುರಸಭೆಯ ಮುಖ್ಯಾಧಿಕಾರಿ ಅಲ್ಲ. ಮುಖ್ಯಾಧಿಕಾರಿ ಸರ್ಕಾರ ಕಳಿಸಿದವರು, ವರ್ಗವಾಗಿ ಹೋಗ್ತಾರೆ. ಅವನು ಆ ಊರಿನ ಗುತ್ತಿಗೆ ನೌಕರ. ಕೌನ್ಸಿಲ್‌ನ ಕನಿಷ್ಠ ಸಂಖ್ಯೆ ಈ ಕಾನೂನಿನಲ್ಲಿ ಜನಸಂಖ್ಯೆ ಸಾವಿರದೊಳಗಿದ್ರೆ 7, ಹತ್ತು ಸಾವಿರದೊಳಗೆ 10, ಮೂವತ್ತು ಸಾವಿರದೊಳಗೆ 15.

ದುಡ್ಡಿನ ವಿಷಯ ಬರೆಯದೆ ಆಡಳಿತ ಬರೆದ್ರೆ ಪ್ರಯೋಜನ ಇಲ್ಲ. ಈ ಎರಡಂತಸ್ತಿನ ಏರ್ಪಾಡಿನಲ್ಲಿ ನಗರ ವಸತಿಗೆ ಪೂರ್ತಿ ಸಿಗೋದು ಭೂ ತೆರಿಗೆ ಮತ್ತು ಜನರ ಮನೆ ಆಸ್ತಿ ತೆರಿಗೆ. ಭೂ ತೆರಿಗೆಯ ದರಕ್ಕೂ ಮೇಲ್ಮಿತಿ ಇದೆ: ವಾಸದ ಮನೆ, ಕೃಷಿ ಜಮೀನಿಗೆ ದಾಖಲೆ ಬೆಲೆಯ ಶೇಕಡಾ 0.3, ಉಳಿದದ್ದಕ್ಕೆ 1.5. ವೈಯಕ್ತಿಕ ಆದಾಯ ತೆರಿಗೆಯಲ್ಲಿ ಶೇಕಡಾ 10 ಊರಿಗೆ, 5 ರಯೋನಿಗೆ, 85 ಪ್ರಾಂತ್ಯಕ್ಕೆ. ಅದೂ ಕೆಲಸಗಾರ ಎಲ್ಲಿ ವಾಸ ಇದ್ದಾನೆ ಅಂತ ನೋಡಲ್ಲ, ಕೆಲಸ ಕೊಟ್ಟ ಸಂಸ್ಥೆ ಎಲ್ಲಿ ನೋಂದಣಿಯಾಗಿದೆ ಅಂತ ನೋಡುತ್ತೆ. ಊರಿನ ಹುಡುಗರು ರಿಬಿನ್ಸ್ಕಿಗೋ ಮಾಸ್ಕೋಗೋ ದುಡಿಯೋಕೆ ಹೋದ್ರೆ ತೆರಿಗೆಯೂ ಅಲ್ಲೇ ಉಳೀತು. ಬೀದಿ ಗುಡಿಸೋದು, ದೀಪ ಹಾಕೋದು ಮಾತ್ರ ಇಲ್ಲಿಯ ಖರ್ಚು. ಸಣ್ಣ ಊರಿನ ಬಜೆಟ್ಟಿನಲ್ಲಿ ಮೇಲಿಂದ ಬರೋ ಅನುದಾನವೇ ದೊಡ್ಡ ಸಾಲು ಆಗೋದು ಇದರಿಂದ.

ಇನ್ನು ಶಾಖ. ನಮಗೆ ನಲ್ಲಿ ನೀರು ಹೇಗೋ ಅವರಿಗೆ ಅದು ಹಾಗೆ. ಒಂದು ಬಾಯ್ಲರ್ ಮನೆಯಿಂದ ಬಿಸಿನೀರು ಕೊಳವೆಯಲ್ಲಿ ಹಲವು ಕಟ್ಟಡಗಳಿಗೆ ಹೋಗುತ್ತೆ. ಸತತ 5 ದಿನ ದಿನದ ಸರಾಸರಿ ಉಷ್ಣತೆ 8 ಡಿಗ್ರಿಗಿಂತ ಕೆಳಗಿದ್ರೆ ಶಾಖ ಋತು ಶುರು ಅಂತ ಸ್ಥಳೀಯ ಆಡಳಿತ ಆದೇಶ ಹೊರಡಿಸಬೇಕು, ವಸಂತದಲ್ಲಿ 5 ದಿನ 8ಕ್ಕಿಂತ ಮೇಲಿದ್ರೆ ನಿಲ್ಲಿಸಬೇಕು. ಕೊಳವೆಯ ಒತ್ತಡ ಪರೀಕ್ಷೆ, ಹಳೇ ತುಂಡು ಬದಲಾಯಿಸೋದು ಎಲ್ಲಾ ಬೇಸಿಗೆಯಲ್ಲೇ ಮುಗೀಬೇಕು. ಬಿಟ್ಟರೆ ಜನವರಿಯಲ್ಲಿ ಕೊಳವೆ ಒಡೆಯುತ್ತೆ, ನಿಂತ ನೀರು ಹೆಪ್ಪುಗಟ್ಟಿ ಮನೆಯೊಳಗಿನ ರೇಡಿಯೇಟರುಗಳೂ ಸೀಳ್ತವೆ. ಸಣ್ಣ ಊರಿನ ಗ್ಲಾವಾನ ಕುರ್ಚಿ ಅಲುಗಾಡೋದು ಸಾಮಾನ್ಯವಾಗಿ ಭಾಷಣದಿಂದಲ್ಲ, ಕೊಳವೆಯಿಂದ.

ಒಂದು ಕೊನೇ ತಿದ್ದುಪಡಿ: 2025ರ ಮಾರ್ಚ್ 20ರಂದು 33ನೇ ಸಂಖ್ಯೆಯ ಹೊಸ ಕಾನೂನು ಬಂದಿದೆ. ಅದರ ಒಲವು ಒಂದೇ ಅಂತಸ್ತಿನ ಕಡೆ, ಅಂದ್ರೆ ಪಟ್ಟಣ, ಹಳ್ಳಿ ಎಲ್ಲವನ್ನೂ ಕರಗಿಸಿ ಒಂದೇ ಮುನಿಸಿಪಲ್ ಒಕ್ರುಗ್ ಮಾಡೋದು. ಎರಡಂತಸ್ತು ಉಳಿಸಿಕೊಳ್ಳೋ ಅವಕಾಶವನ್ನ ಪ್ರಾಂತ್ಯಗಳಿಗೆ ಬಿಟ್ಟಿದೆ. ಆದ್ದರಿಂದ "ಇದೆ" ಅಂತ ಬರೆಯೋ ಪ್ರತಿ ವಾಕ್ಯಕ್ಕೂ ಯಾವ ತಿಂಗಳ ಮಾಹಿತಿ ಅಂತ ಸೇರಿಸಿ. ಒಕ್ರುಗ್ ಆದ ಮಾತ್ರಕ್ಕೆ ಊರಿನ ಗೊರೊದ್ ದರ್ಜೆ ಹೋಗಲ್ಲ, ಮೊದಲೇ ಹೇಳಿದ ಮೂರು ಮೂಟೆಯ ಮಾತು.

ಕ್ರಾಂತಿಗೆ ಮುಂಚಿನ ಆಡಳಿತ ಕೇಳಿದ್ರಿ. ಗೊರೊದ್ನಿಚಿ ಒಬ್ಬನೇ ಅಲ್ಲ. 1785ರ ಪಟ್ಟಣ ಸನ್ನದಿನ ಪ್ರಕಾರ ಊರಿನವರನ್ನ ಆರು ವರ್ಗ ಮಾಡಿ, ವರ್ಗಕ್ಕೊಬ್ಬರಂತೆ ಆರು ಜನರ ದುಮಾ ಅಂದ್ರೆ ಊರಸಭೆ ಇಟ್ಟರು. ಸಣ್ಣ ಊರಲ್ಲಿ ಆರು ವರ್ಗಕ್ಕೂ ಆಳು ಸಿಗೋದೇ ಕಷ್ಟ, ವ್ಯಾಪಾರಿಗಳು ಮತ್ತು ಮೆಷ್ಚಾನೆ ಅನ್ನೋ ಸಾಮಾನ್ಯ ಪಟ್ಟಣವಾಸಿಗಳದ್ದೇ ನಡೀತಿತ್ತು. 1870ರಲ್ಲಿ ಎರಡನೇ ಅಲೆಕ್ಸಾಂಡರ್ ಕಾಲದ ಕಾನೂನು ಬಂತು, ನಾಲ್ಕು ವರ್ಷದ ದುಮಾ. ತೆರಿಗೆ ಕೊಡೋರನ್ನ ಮೊತ್ತದ ಇಳಿಕೆಯಲ್ಲಿ ಪಟ್ಟಿ ಮಾಡಿ, ಒಟ್ಟು ತೆರಿಗೆಯನ್ನ ಮೂರು ಸಮಪಾಲು ಮಾಡಿದ್ರು. ಮೊದಲ ಪಾಲು ಕಟ್ಟಿದ ಬೆರಳೆಣಿಕೆ ಸಾಹುಕಾರರಿಗೆ ದುಮಾದ ಮೂರರಲ್ಲೊಂದು ಸ್ಥಾನ, ಕೊನೇ ಪಾಲು ಕಟ್ಟಿದ ಊರಿಗೆ ಊರಿಗೂ ಅಷ್ಟೇ ಸ್ಥಾನ.

1892ರಲ್ಲಿ ಮೂರನೇ ಅಲೆಕ್ಸಾಂಡರ್ ಅದನ್ನ ತೆಗೆದು ಆಸ್ತಿ ಮೌಲ್ಯದ ಮಿತಿ ಹಾಕಿದ. ತೀರ ಸಣ್ಣ ಊರುಗಳಿಗೆ "ಸರಳ ಆಡಳಿತ" ಅಂತ ಬೇರೆ ಏರ್ಪಾಡು: ಮನೆ ಇರೋರೆಲ್ಲ ಸೇರಿ 12ರಿಂದ 15 ಪ್ರತಿನಿಧಿಗಳನ್ನ ಆರಿಸೋದು, ಅವರು ಸ್ತಾರೊಸ್ತ ಅನ್ನೋ ಒಬ್ಬ ಮುಖ್ಯಸ್ಥನನ್ನ ಆರಿಸೋದು, ಜೊತೆಗೆ ಒಬ್ಬಿಬ್ಬರು ಸಹಾಯಕರು. ನಿಮ್ಮ ಕೈಗೆ ಸಿಕ್ಕ ಕಾಗದ ಯಾವ ಥರದ ಊರಿನದು ಅಂತ ತಿಳಿಯೋಕೆ ಸಹಿ ನೋಡಿ. "ಗೊರೊದ್ಸ್ಕೊಯ್ ಗೊಲೊವಾ" ಅಂತಿದ್ರೆ ಪೂರ್ಣ ದುಮಾ ಇದ್ದ ಊರು, "ಗೊರೊದ್ಸ್ಕೊಯ್ ಸ್ತಾರೊಸ್ತ" ಅಂತಿದ್ರೆ ಸರಳ ಆಡಳಿತದ ಊರು.


ತಾರೀಖುಪಟ್ಟಿ (ಟಿ. ನರಸೀಪುರ):

ದಾಖಲೆ ಓದುವವರಿಗೆ ನಾಲ್ಕು ಮಾತು.

ತಾರೀಖು. 1918ರ ಜನವರಿವರೆಗೆ ರಷ್ಯಾದಲ್ಲಿ ಹಳೇ ಜೂಲಿಯನ್ ಪಂಚಾಂಗ. 18ನೇ ಶತಮಾನಕ್ಕೆ 11 ದಿನ, 19ಕ್ಕೆ 12, 20ಕ್ಕೆ 13 ದಿನ ಕೂಡಿಸಬೇಕು. ಮಿಶ್ಕಿನ್ ಲಾಂಛನದ ದಿನ 1778ರ ಆಗಸ್ಟ್ 20 ಅಂತಲೂ 31 ಅಂತಲೂ ಕಾಣೋದು ಇದರಿಂದ, ಎರಡೂ ಒಂದೇ ದಿನ. ಎಲ್ಲದಕ್ಕೂ 13 ಕೂಡಿಸೋದು ಸಾಮಾನ್ಯ ತಪ್ಪು. 1918ರ ಜನವರಿ 31 ಆದ ಮಾರನೇ ದಿನ ಫೆಬ್ರವರಿ 14, ನಡುವಿನ ದಿನಗಳಿಗೆ ಕಾಗದವೇ ಇಲ್ಲ.

ಅಳತೆ. ವೆರ್ಸ್ತ್ 1.067 ಕಿಲೋಮೀಟರ್, ಸಾಝೆನ್ 2.13 ಮೀಟರ್, ಪೂದ್ 16.38 ಕೆಜಿ. ದೆಸ್ಯಾತಿನಾ ಅಂದ್ರೆ 1.09 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 2 ಎಕರೆ 28 ಗುಂಟೆ.

ಊರು ಯಾವ ಪ್ರಾಂತ್ಯದ ಫೈಲಿನಲ್ಲಿದೆ ಅನ್ನೋದೇ ದೊಡ್ಡ ತಲೆನೋವು. 1921ರಿಂದ 1923ರವರೆಗೆ ರಿಬಿನ್ಸ್ಕ್ ಅಂತ ಬೇರೆ ಗುಬೇರ್ನಿಯವೇ ಇತ್ತು. 1929ರಲ್ಲಿ ಯಾರೊಸ್ಲಾವ್ಲ್ ಗುಬೇರ್ನಿಯ ರದ್ದಾಗಿ ಈ ಸೀಮೆಯೆಲ್ಲ ಇವಾನೊವೊ ಕೈಗಾರಿಕಾ ಪ್ರಾಂತ್ಯಕ್ಕೆ ಹೋಯಿತು, ಯಾರೊಸ್ಲಾವ್ಲ್ ಒಬ್ಲಾಸ್ತ್ ಹುಟ್ಟಿದ್ದು 1936ರಲ್ಲಿ. 1932ರ ಕಾಗದವನ್ನ ಯಾರೊಸ್ಲಾವ್ಲ್ ಪ್ರಾಂತ್ಯ ಅಂತ ಹುಡುಕಿದ್ರೆ ಏನೂ ಬರಲ್ಲ. 1962-63ರಲ್ಲಿ ಕ್ರುಶ್ಚೋವ್ ಕಾಲದಲ್ಲಿ ದೇಶದ ತುಂಬ ರಯೋನುಗಳನ್ನ ಒಟ್ಟುಗೂಡಿಸಿ, 64-65ರಲ್ಲಿ ಮತ್ತೆ ಬಿಡಿಸಿದ್ದಾರೆ. ಆ ಎರಡು ಮೂರು ವರ್ಷದ ಅಂಕಿಅಂಶ ಅಕ್ಕಪಕ್ಕದ ರಯೋನಿನ ಹೆಸರಲ್ಲಿ ಇದ್ರೆ ಗಾಬರಿಯಾಗಬೇಡಿ. ಪಕ್ಕದ ರಿಬಿನ್ಸ್ಕ್ ಪಟ್ಟಣದ ಹೆಸರಂತೂ 1946ರಿಂದ 57ರವರೆಗೆ ಷೆರ್ಬಕೊವ್, 1984ರಿಂದ 89ರವರೆಗೆ ಆಂದ್ರೊಪೊವ್.

ದಾಖಲಾಗಾರದ ಉಲ್ಲೇಖ ಬರೆಯೋ ಕ್ರಮ: ಫೋಂದ್, ಓಪಿಸ್, ದೇಲೊ, ಲಿಸ್ತ್. ಅಂದ್ರೆ ಯಾವ ಕಚೇರಿಯ ಸಂಗ್ರಹ, ಅದರ ಎಷ್ಟನೇ ಪಟ್ಟಿ, ಎಷ್ಟನೇ ಕಡತ, ಎಷ್ಟನೇ ಹಾಳೆ. ಹಾಳೆಗೆ ನಂಬರ್, ಪುಟಕ್ಕಲ್ಲ, ಹಿಂಬದಿಗೆ "ಒಬೊರೊತ್" ಅಂತ ಗುರುತು. ಓಪಿಸ್ ಬಿಟ್ಟು ಉಳಿದದ್ದು ಬರೆದ್ರೆ ಕಡತ ಸಿಗಲ್ಲ, ಏಕೆಂದರೆ ಪ್ರತಿ ಓಪಿಸ್‌ನಲ್ಲೂ ಕಡತದ ಸಂಖ್ಯೆ ಒಂದರಿಂದ ಶುರು. ಯಾರೊಸ್ಲಾವ್ಲ್ ರಾಜ್ಯ ದಾಖಲಾಗಾರಕ್ಕೆ ಉಗ್ಲಿಚ್ ಮತ್ತು ರಿಬಿನ್ಸ್ಕ್‌ನಲ್ಲಿ ಶಾಖೆಗಳಿವೆ, ಪತ್ರ ಬರೆಯೋ ಮುಂಚೆ ಫೋಂದ್ ಎಲ್ಲಿದೆ ಅಂತ ಪಟ್ಟಿ ನೋಡಿಕೊಳ್ಳಿ. 1918ಕ್ಕೆ ಮುಂಚಿನ ಮುದ್ರಿತ ಪುಸ್ತಕದಲ್ಲಿ ಹುಡುಕುವಾಗ ಹಳೇ ಕಾಗುಣಿತ ಬೇಕು. ವ್ಯಂಜನದಲ್ಲಿ ಮುಗಿಯೋ ಪ್ರತಿ ಪದದ ಕೊನೆಗೂ ಆಗ ಗಡಸು ಚಿಹ್ನೆ ಹಾಕ್ತಿದ್ರು, ಮಿಶ್ಕಿನ್ ಅನ್ನೋದಕ್ಕೂ ಸೇರಿ.


ಕೋಟೆಬೀದಿ (ಶ್ರೀರಂಗಪಟ್ಟಣ):

ತಿದ್ದಿದ ಕರಡು: "ಮಿಶ್ಕಿನ್ ವೋಲ್ಗಾ ನದಿಯ ಎಡದಂಡೆಯ ಪಟ್ಟಣ, ಯಾರೊಸ್ಲಾವ್ಲ್ ಪ್ರಾಂತ್ಯದ ಮಿಶ್ಕಿನ್ ರಯೋನಿನ (ನಮ್ಮ ತಾಲ್ಲೂಕಿನಂಥ ವಿಭಾಗ) ಕೇಂದ್ರ. 1777ರಲ್ಲಿ ಉಯೆಜ್ದ್ ಕೇಂದ್ರಕ್ಕಾಗಿ ಪಟ್ಟಣವೆಂದು ಘೋಷಿತವಾಯಿತು. 1920ರ ದಶಕದಲ್ಲಿ ಆ ದರ್ಜೆ ಕಳೆದುಕೊಂಡು 1991ರಲ್ಲಿ ಮರಳಿ ಪಡೆಯಿತು." ವೊಡ್ಕಾದ ಸ್ಮಿರ್ನೊವ್ ಈ ಊರಿನವರು ಅಂತ ಸೇರಿಸಬಹುದಾ?


ಹೋಬಳಿಮಾತು (ಮದ್ದೂರು):

ಊರಿನವರಲ್ಲ. ಪ್ಯೋತ್ರ್ ಸ್ಮಿರ್ನೊವ್ 1831ರಲ್ಲಿ ಹುಟ್ಟಿದ್ದು ಕಯೂರೊವೊ ಹಳ್ಳಿಯಲ್ಲಿ, ಅದು ಆಗಿನ ಮಿಶ್ಕಿನ್ ಉಯೆಜ್ದಿನ ಹಳ್ಳಿ. "ಮಿಶ್ಕಿನ್ ಉಯೆಜ್ದಿನವರು" ಅಂತ ಬರೆಯಿರಿ, "ಮಿಶ್ಕಿನ್‌ನವರು" ಅಂದ್ರೆ ತಪ್ಪಾಗುತ್ತೆ.

ಕಾಗುಣಿತದಲ್ಲಿ "ಮೈಶ್ಕಿನ್" ಅಂತ ಕೆಲವು ಕಡೆ ಇದೆ, ಅದು ಇಂಗ್ಲಿಷ್ ಅಕ್ಷರ ನೋಡಿ ಓದಿದ್ದು. ಅಲ್ಲಿರೋ ಸ್ವರ ಇಕಾರ ಉಕಾರದ ನಡುವಿನದು, ಗಂಟಲ ಕಡೆಯಿಂದ ಬರುತ್ತೆ, ಕನ್ನಡದಲ್ಲಿ "ಮಿ" ಹತ್ತಿರ. ರಷ್ಯನ್ನಿನಲ್ಲಿ ಮಿಶ್ ಅಂದ್ರೆ ಇಲಿ. ನಮ್ಮ ಗಣಪತಿಯ ಮೂಷಿಕಕ್ಕೂ ಅದಕ್ಕೂ ಮೂಲ ಒಂದೇ ಧಾತು. ಇದನ್ನ ಹೆಸರಿನ ವಿಭಾಗದಲ್ಲಿ ಒಂದು ಸಾಲು ಹಾಕಿ, ಲಾಂಛನದ ವಿಭಾಗದಲ್ಲಿ ಬೇಡ.